ಮನೆಯ ಗಣಕಯಂತ್ರ ಬದಲಾದಾಗ ಮನೆಯ ಕನ್ನಡ

(ದಾದರಿನಲ್ಲಿ ಜರುಗಿದ ಸಂಘದ ತಿಂಗಳ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಈ ಕೂಟದಲ್ಲಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಆಹ್ವಾನಿಸಿದಾಗ ನಾನು ಸಾಹಿತ್ಯದ ಯಾವುದಾದರೊಂದು ವಿಷಯವನ್ನು ಆರಿಸಿಕೊಳ್ಳುವೆನೆಂದು ಅವರು ಭಾವಿಸಿದ್ದರು. ನಾನು ಓದಿದ್ದು ಕನ್ನಡ ಎಂ.ಎ.; ಉದರನಿಮಿತ್ತ ಸೇರಿದ್ದು ಕೇಂದ್ರ ಸರಕಾರದ ಸೇವೆ. ಗಣಕಶಾಸ್ತ್ರ ನನ್ನ ಅಧ್ಯಯನದ ವಿಷಯವಲ್ಲ. ಹಾಗಿದ್ದೂ ಮನೆಯ ಹಳೆಯ ಗಣಕಯಂತ್ರವನ್ನು ನವೀಕರಿಸುವ ಬಗೆಗೆ ಮಾತನಾಡುತ್ತೇನೆಂದಾಗ ಅವರು ನಕ್ಕು, "ರಾಯರೇ, ಇದಕ್ಕೆ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯವರನ್ನೇ ಕರೆಸಬಹುದಿತ್ತಲ್ಲ" ಎಂದರು. ಕರೆಸಬಹುದಿತ್ತು. ಆದರೆ ಅಂಗಡಿಯವರಿಗೆ ಕನ್ನಡ ಬಾರದು. ನಾನು ಹೇಳಹೊರಟಿರುವ ನಷ್ಟ ಸಂಭವಿಸಿದ್ದು ಕನ್ನಡಕ್ಕೆ. ಇಲ್ಲಿ ಆಡುವ ಮಾತೆಲ್ಲವೂ ನನ್ನ ಖಾಸಗಿ ಅಭಿಪ್ರಾಯ, ನನ್ನ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲವೆಂದು ಸೇವಾನಿಯಮಕ್ಕನುಗುಣವಾಗಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ನನ್ನ ಮನೆಯ ಕಥೆ. ನನ್ನ ತಾಯಿ ಮದುವೆಯಾಗಿ ಧಾರವಾಡ ಜಿಲ್ಲೆಯ ಒಂದು ಹಳ್ಳಿಯಿಂದ ದಾದರ್ ಪೂರ್ವದ ಚಾಳಿಗೆ ಬಂದದ್ದು 1966ರಲ್ಲಿ. ಚಾಳಿನಲ್ಲಿ ಬೀಸುವ ಕಲ್ಲಿಗೆ ಸ್ಥಳವಿರಲಿಲ್ಲ. ಜೋಳವನ್ನು ಗಿರಣಿಗೆ ಒಯ್ದು ಹಿಟ್ಟು ಮಾಡಿಸಿಕೊಂಡು ಬರುತ್ತಿದ್ದರು. ಆದರೆ ಕಲ್ಲಿನೊಡನೆ ಕಲಿತ ಪದಗಳು ಆಕೆಯ ಬಾಯಲ್ಲಿ ಉಳಿದಿದ್ದವು. ರೊಟ್ಟಿ ಬಡಿಯುವಾಗ, ಮೊಮ್ಮಕ್ಕಳನ್ನು ಮಲಗಿಸುವಾಗ ಹಾಡುತ್ತಿದ್ದಳು. ನನ್ನ ಒತ್ತಾಯಕ್ಕೆ ಅವನ್ನೆಲ್ಲ ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಬರೆದಳು. ಒಟ್ಟು 143 ಪದಗಳು. 2000ದಲ್ಲಿ ನಮ್ಮ ಮನೆಗೆ ಮೊದಲ ಗಣಕಯಂತ್ರ ಬಂದಿತ್ತು. 2003–04ರ ರಜಾದಿನಗಳಲ್ಲಿ ಕುಳಿತು ಅವುಗಳಲ್ಲಿ 122ನ್ನು ನಾನೇ 'ನುಡಿ' ಅಕ್ಷರಗಳಲ್ಲಿ ಬೆರಳಚ್ಚಿಸಿದೆ. ಉಳಿದ 21ನ್ನು ಪರಿಚಯದ ಒಬ್ಬ ಮುದ್ರಕರಲ್ಲಿ ಮಾಡಿಸಿದೆ.

2005ರ ಜುಲೈ 26 ನಿಮಗೆಲ್ಲ ನೆನಪಿರಬೇಕು. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದ ದಿನ. ನಮ್ಮದು ಹಿಂದ್‌ಮಾತಾ ಕಡೆಯ ನೆಲಮಾಳಿಗೆಯ ಮನೆ. ಅಲ್ಲಿ ಸಾಧಾರಣ ಮಳೆಗೇ ನೀರು ನಿಲ್ಲುತ್ತಿತ್ತೆಂದ ಮೇಲೆ ಆ ದಿನದ ಮಾತೇನು. ಮಂಚದ ಕೆಳಗಿನ ಟ್ರಂಕಿನಲ್ಲಿದ್ದ ನೋಟುಬುಕ್ಕು ನೀರುಂಡು ಅಂಟಿನ ಮುದ್ದೆಯಾಯಿತು. ಮೇಜಿನ ಮೇಲಿದ್ದ ಗಣಕ ಮಾತ್ರ ಉಳಿಯಿತು. "ಹೋಗಲಿ, ಪದಗಳೆಲ್ಲ ಇದರೊಳಗೆ ಇವೆ" ಎಂದು ನಾವು ಸಮಾಧಾನ ತಂದುಕೊಂಡೆವು.

2012ರಲ್ಲಿ ಆ ಯಂತ್ರ ನಿಧಾನವಾಗಿ, ಬದಲಿಸುವುದು ಅನಿವಾರ್ಯವಾಯಿತು. ರಿಪೇರಿಯವನು ಹಳೆಯ ಕಡತಗಳನ್ನೆಲ್ಲ ಒಂದು ಸಿ.ಡಿ.ಗೆ ನಕಲು ಮಾಡಿಕೊಟ್ಟ. ಪೆಟ್ಟಿಗೆಯೊಳಗೆ ಹೊಸ ಮದರ್‌ಬೋರ್ಡು, ಹೊಸ ಡಿಸ್ಕು ಕೂಡಿಸಿದ. ಮನೆಗೆ ತಂದು ಕಡತ ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೆರೆಯಿದ್ದ ವಿಚಿತ್ರ ಅಕ್ಷರಗಳು, ನಡುನಡುವೆ ಪೌಂಡ್ ನಾಣ್ಯದ ಚಿಹ್ನೆಗಳು. ತಾಯಿ ಹಿಂದೆ ಬಂದು ನಿಂತು ನೋಡಿದಳು.

"ಏನೋ ತಮ್ಮಾ, ನನ್ನ ಪದಾ ಎಲ್ಲಾ ಇಂಗ್ರಜಿ ಆಗ್ಯಾವೇನೋ?"

"ಇಲ್ಲವ್ವಾ, ಕಡತ ಕೆಟ್ಟದ. ಸರಿ ಮಾಡಸ್ತೀನಿ."

"ಹಂಗಾರ ಮತ್ತೊಮ್ಮೆ ಬರಕೋ. ಹೇಳತೀನಿ."

ನಾನು ಬರೆದುಕೊಳ್ಳಲಿಲ್ಲ. ಕಡತ ಸರಿಹೋಗುತ್ತದೆಂಬ ನೆಚ್ಚಿಕೆಯಲ್ಲಿ ದಿನ ದೂಡಿದೆ. 2017ರಲ್ಲಿ ಆಕೆ ತೀರಿಕೊಂಡಳು. ಇಂದು ನಾನು ಆಡುವ ಮಾತಿಗೆಲ್ಲ ಈ ವಿಳಂಬವೇ ಪ್ರೇರಣೆ.

ಈಗ ವಿಷಯಕ್ಕೆ ಬರೋಣ. ಹೊಂದಾಣಿಕೆ ಎಂಬುದು ಮೂರು ನೆಲೆಗಳಲ್ಲಿ ನಡೆಯಬೇಕಾದ ಕಾರ್ಯ: ಬಿಡಿಭಾಗಕ್ಕೂ ಬಿಡಿಭಾಗಕ್ಕೂ, ಯಂತ್ರಕ್ಕೂ ತಂತ್ರಾಂಶಕ್ಕೂ, ತಂತ್ರಾಂಶಕ್ಕೂ ಬರಹಕ್ಕೂ. ಮೊದಲಿನ ಎರಡನ್ನು ಅಂಗಡಿಯವರು ನೋಡಿಕೊಳ್ಳುತ್ತಾರೆ. ಮೂರನೆಯದನ್ನು ನಾವೇ ನೋಡಿಕೊಳ್ಳಬೇಕು.

ಮೊದಲ ನೆಲೆಗೆ ಉದಾಹರಣೆ ಬೇಕಾದರೆ ದೂರ ಹೋಗಬೇಕಿಲ್ಲ. ನಾವು ದಿನವೂ ಹತ್ತಿಳಿಯುವ ಲೋಕಲ್ ರೈಲನ್ನೇ ನೋಡಿರಿ. 1925ರಲ್ಲಿ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿದಾಗ ತಂತಿಯಲ್ಲಿದ್ದುದು 1500 ವೋಲ್ಟಿನ ನೇರ ವಿದ್ಯುತ್ತು. ಈಗಿರುವುದು 25,000 ವೋಲ್ಟಿನ ಪರ್ಯಾಯ ವಿದ್ಯುತ್ತು. ಪಶ್ಚಿಮ ರೈಲ್ವೆ 2012ರಲ್ಲಿಯೂ ಮಧ್ಯ ರೈಲ್ವೆ 2015–16ರಲ್ಲಿಯೂ ಈ ಪರಿವರ್ತನೆಯನ್ನು ಪೂರೈಸಿದವು. ತಂತಿ ಬದಲಾಯಿತೆಂದು ಒಂದು ದಿನವೂ ನಗರದ ಸಂಚಾರ ನಿಲ್ಲಿಸಲಾಗದು. ಆದ್ದರಿಂದ ನಡುವಿನ ವರ್ಷಗಳಲ್ಲಿ ಎರಡೂ ಬಗೆಯ ವಿದ್ಯುತ್ತಿನ ಮೇಲೆ ಓಡಬಲ್ಲ ಗಾಡಿಗಳನ್ನು ಓಡಿಸಿದರು. ಹಳೆಯದನ್ನೂ ಹೊಸದನ್ನೂ ಬಲ್ಲ ಇಂಥ ಗಾಡಿ ನಡುವೆ ಇರದಿದ್ದರೆ ಬದಲಾವಣೆ ಎಂಬುದು ಕಡಿತವಾಗಿಬಿಡುತ್ತದೆ. ಗಣಕದ ಪ್ರಪಂಚದಲ್ಲಿಯೂ ಇದೇ ಸೂತ್ರ.

ರ‍್ಯಾಮ್ ಎಂದು ಕರೆಯುವ ಸ್ಮೃತಿಪಟ್ಟಿಯನ್ನು ತೆಗೆದುಕೊಳ್ಳಿರಿ. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಕಾಲುಗಳೇ. ಆದರೆ ಪಟ್ಟಿಯ ಅಂಚಿನ ಕಚ್ಚು ಬೇರೆ ಬೇರೆ ಸ್ಥಳದಲ್ಲಿದೆ, ಒಂದಕ್ಕೆ 1.8 ವೋಲ್ಟ್, ಇನ್ನೊಂದಕ್ಕೆ 1.5 ವೋಲ್ಟ್. ಡಿಡಿಆರ್4ಕ್ಕೆ 288 ಕಾಲು, 1.2 ವೋಲ್ಟ್. ತಪ್ಪು ಪಟ್ಟಿ ಕೂಡಬಾರದೆಂದೇ ಆ ಕಚ್ಚು ಇರುವುದು. ಬಲವಂತವಾಗಿ ಒತ್ತಿದರೆ ಮದರ್‌ಬೋರ್ಡೇ ಹಾಳಾದೀತು. ಹಾಗೆಯೇ ಹಳೆಯ ಡಿಸ್ಕುಗಳು ಅಗಲವಾದ ಪಟ್ಟಿಯಂಥ ಐಡಿಇ ಕೇಬಲಿನವು. ಅನಂತರದವು ಕಿರಿದಾದ ಸಾಟಾ ಕೇಬಲಿನವು. ಹಳೆಯ ಡಿಸ್ಕು ಹೊಸ ಬೋರ್ಡಿಗೆ ನೇರವಾಗಿ ಕೂಡದು. ಹಾಗೆಂದು ಅದನ್ನು ಎಸೆಯಬೇಕಾದದ್ದಿಲ್ಲ. ಐಡಿಇ ಡಿಸ್ಕನ್ನು ಯುಎಸ್‌ಬಿ ರಂಧ್ರಕ್ಕೆ ಕೂಡಿಸುವ ಅಡಾಪ್ಟರುಗಳಿವೆ. ಸಾಟಾ ವ್ಯವಸ್ಥೆಯ ಯಂತ್ರವಾದರೆ ತಿರುಗುವ ಡಿಸ್ಕಿನ ಬದಲು ಒಂದು ಎಸ್‌ಎಸ್‌ಡಿ ಹಾಕಿದರೆ ಹತ್ತು ವರ್ಷದ ಗಣಕವೂ ಚುರುಕಾಗುತ್ತದೆ. ಹಳೆಯ ಯಂತ್ರಕ್ಕೆ ಇಷ್ಟು ಹಣದಲ್ಲಿ ಇಷ್ಟು ಫಲ ಕೊಡುವ ಬೇರೆ ಬದಲಾವಣೆ ನನಗೆ ಕಂಡಿಲ್ಲ.

ಎರಡನೆಯ ನೆಲೆ ಯಂತ್ರ ಮತ್ತು ತಂತ್ರಾಂಶಗಳ ನಡುವಿನದು. 32 ಬಿಟ್ಟಿನ ವಿಂಡೋಸ್ 4 ಗಿಗಾಬೈಟಿಗಿಂತ ಹೆಚ್ಚು ಸ್ಮೃತಿಯನ್ನು ಬಳಸಲಾರದು; ಆದ್ದರಿಂದ 8 ಗಿಗಾಬೈಟ್ ಹಾಕಿಸಿ 32 ಬಿಟ್ಟಿನ ವ್ಯವಸ್ಥೆಯನ್ನೇ ಉಳಿಸಿಕೊಂಡರೆ ಹಣ ವ್ಯರ್ಥ. 64 ಬಿಟ್ಟಿಗೆ ಹೋದರೆ ಬೇರೊಂದು ತೊಡಕು: ವಿಂಡೋಸ್ 3.1ರ ಕಾಲದ 16 ಬಿಟ್ಟಿನ ಕಾರ್ಯಕ್ರಮಗಳು ಅದರಲ್ಲಿ ಓಡವು. ಹಳೆಯ ಸ್ಕ್ಯಾನರು, ಪ್ರಿಂಟರುಗಳಿಗೆ 64 ಬಿಟ್ಟಿನ ಡ್ರೈವರ್ ತಂತ್ರಾಂಶ ಸಿಗದಿದ್ದರೆ ಅವು ಕೈಕಟ್ಟಿ ಕೂರುತ್ತವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. ಗೃಹಬಳಕೆದಾರರಿಗೆ ಪ್ರತ್ಯೇಕ ನೋಂದಣಿಯ ಮೇಲೆ ಭದ್ರತಾ ಪರಿಷ್ಕರಣೆಗಳನ್ನು 2026ರ ಅಕ್ಟೋಬರ್ 13ರವರೆಗೆ ಕೊಡುವುದೆಂದು ಘೋಷಿಸಲಾಯಿತು. ಅನಂತರದ ವಿಂಡೋಸ್ 11 ಬೇಕಾದರೆ 64 ಬಿಟ್ಟಿನ ಪ್ರೊಸೆಸರು, 4 ಗಿಗಾಬೈಟ್ ರ‍್ಯಾಮ್, 64 ಗಿಗಾಬೈಟ್ ಡಿಸ್ಕು ಇದ್ದರಷ್ಟೇ ಸಾಲದು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ಇಂಟೆಲ್ ಪ್ರೊಸೆಸರಾದರೆ ಬಹುಮಟ್ಟಿಗೆ 8ನೆಯ ಪೀಳಿಗೆ ಅಥವಾ ಅದರಿಂದೀಚಿನದಾಗಿರಬೇಕು. ಅದಕ್ಕೂ ಹಳೆಯ ಯಂತ್ರ ಗಟ್ಟಿಯಾಗಿಯೇ ಇದ್ದರೂ ಅಧಿಕೃತ ಪಟ್ಟಿಯ ಹೊರಗೆ ನಿಲ್ಲುತ್ತದೆ. ಅಂಥ ಯಂತ್ರಕ್ಕೆ ಲಿನಕ್ಸ್ ಒಂದು ಒಳ್ಳೆಯ ದಾರಿ. ಅದಕ್ಕೆ ಹಣ ತೆರಬೇಕಿಲ್ಲ. ಲೋಹಿತ್ ಕನ್ನಡದಂಥ ಅಕ್ಷರರೂಪಗಳು ಅಲ್ಲಿ ಮುಕ್ತವಾಗಿ ದೊರೆಯುತ್ತವೆ. ಲಿಬ್ರೆ ಆಫೀಸ್ ನಮ್ಮ ಹಳೆಯ ವರ್ಡ್ ಕಡತಗಳನ್ನು ತೆರೆಯುತ್ತದೆ.

ಇಷ್ಟೆಲ್ಲ ಸರಿಯಾದರೂ ಮೂರನೆಯ ನೆಲೆಯಲ್ಲಿ ಕನ್ನಡಿಗ ಮುಗ್ಗರಿಸುತ್ತಾನೆ. ನನ್ನ ಕಡತ ತೆರೆದಿತ್ತು; ಒಂದು ಬೈಟೂ ನಷ್ಟವಾಗಿರಲಿಲ್ಲ. ಆದರೂ ಅದರಲ್ಲಿ ಕನ್ನಡವಿರಲಿಲ್ಲ. ಇದು ಹೇಗೆ ಸಾಧ್ಯ?

ಗಣಕ ಅಕ್ಷರವನ್ನು ಅರಿಯದು, ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಇಂಗ್ಲಿಷಿನ 'ಪಿ' ಎಂಬ ದೊಡ್ಡಕ್ಷರಕ್ಕೆ ಅದು ಇಟ್ಟುಕೊಂಡ ಸಂಖ್ಯೆ 80. ಅಂದಿನ ಅಕ್ಷರತಂತ್ರಾಂಶಗಳ ಕೈಯಲ್ಲಿದ್ದುದು ಒಟ್ಟು 256 ಮನೆಗಳು. ಅವುಗಳಲ್ಲಿ ಬಹುಪಾಲು ಇಂಗ್ಲಿಷಿಗೂ ಐರೋಪ್ಯ ಭಾಷೆಗಳಿಗೂ ಸಂದಿದ್ದವು. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಸಾವಿರಾರು ರೂಪಗಳಾಗುತ್ತವೆ. ಆದ್ದರಿಂದ ನಮ್ಮವರು ಅಕ್ಷರವನ್ನು ಒಡೆದು ಅದರ ತುಂಡುಗಳನ್ನು ಪರರ ಮನೆಗಳಲ್ಲಿ ಬಾಡಿಗೆಗೆ ಇರಿಸಿದರು. ನುಡಿಯ ವಿನ್ಯಾಸದಲ್ಲಿ 'ಪಿ' ಅಕ್ಷರದ ಮನೆಯಲ್ಲಿರುವುದು ತಲೆಕಟ್ಟಿಲ್ಲದ ಕಕಾರ. ತಲೆಯ ಮೇಲೆ ಓರೆಗೆರೆಯುಳ್ಳ 'ಎ' ಅಕ್ಷರದ ಮನೆಯಲ್ಲಿರುವುದು ತಲೆಕಟ್ಟು. ಪೌಂಡ್ ನಾಣ್ಯದ ಚಿಹ್ನೆಯ ಮನೆಯಲ್ಲಿ ನಕಾರ. ಜರ್ಮನ್ ಭಾಷೆಯ ಜೋಡಿ 'ಎಸ್' ಅಕ್ಷರದ ಮನೆಯಲ್ಲಿ ನಕಾರದ ಒತ್ತು. 'ಕನ್ನಡ' ಎಂಬ ಮೂರಕ್ಷರದ ಪದವನ್ನು ಹೀಗೆ ಬರೆದರೆ ಏಳು ಚಿಹ್ನೆಗಳಾಗುತ್ತವೆ. ನುಡಿಯ ಫಾಂಟು ಯಂತ್ರದಲ್ಲಿರುವವರೆಗೆ ಕಣ್ಣಿಗೆ ಕಾಣುವುದು ಕನ್ನಡ. ಫಾಂಟನ್ನು ತೆಗೆದರೆ ಬಾಡಿಗೆದಾರರು ಮಾಯವಾಗಿ ಮನೆಯ ಮೂಲ ಒಡೆಯರು ಹೊರಬರುತ್ತಾರೆ. 2012ರಲ್ಲಿ ನನಗೆ ಆದದ್ದು ಇಷ್ಟೇ. ರಿಪೇರಿಯವನು ಕಡತಗಳನ್ನು ನಕಲು ಮಾಡಿದ್ದ. ಫಾಂಟುಗಳನ್ನೂ ಒಯ್ಯಬೇಕೆಂದು ಅವನಿಗೆ ನಾನು ಹೇಳಿರಲಿಲ್ಲ, ನನಗೇ ತಿಳಿದಿರಲಿಲ್ಲ.

ಅದರ ಮೇಲೆ ಪ್ರತಿ ಸಂಸ್ಥೆಯೂ ತನ್ನದೇ ರೀತಿಯಲ್ಲಿ ಮನೆಗಳನ್ನು ಹಂಚಿತ್ತು. ಶ್ರೀಲಿಪಿ, ಆಕೃತಿ, ಪ್ರಕಾಶಕ, ಹೀಗೆ ಅನೇಕ ಬಗೆಗಳು ಬಂದವು. ಒಂದರಲ್ಲಿ ಕಕಾರವಾಗಿದ್ದ ಸಂಖ್ಯೆ ಇನ್ನೊಂದರಲ್ಲಿ ಬೇರೇನೋ ಆಗುತ್ತಿತ್ತು. ಇದನ್ನು ದಾದರ್ ನಿಲ್ದಾಣವನ್ನು ಬಲ್ಲವರಿಗೆ ವಿವರಿಸುವುದು ಕಷ್ಟವಲ್ಲ. 2023ರ ಡಿಸೆಂಬರ್ 9ರವರೆಗೆ ಇಲ್ಲಿ ಪಶ್ಚಿಮ ರೈಲ್ವೆಗೆ ಒಂದು ಒಂದನೆಯ ಪ್ಲಾಟ್‌ಫಾರ್ಮ್, ಮಧ್ಯ ರೈಲ್ವೆಗೆ ಇನ್ನೊಂದು ಒಂದನೆಯ ಪ್ಲಾಟ್‌ಫಾರ್ಮ್ ಇತ್ತು. ಊರಿನಿಂದ ಬಂದ ನೆಂಟರಿಗೆ "ಒಂದನೆಯದರಲ್ಲಿ ನಿಂತಿರಿ" ಎಂದು ಹೇಳಿ, ನಾವು ಒಂದರಲ್ಲಿ, ಅವರು ಇನ್ನೊಂದರಲ್ಲಿ ಪರಸ್ಪರ ಕಾದು ನಿಂತ ಅನುಭವ ಈ ಸಭೆಯಲ್ಲಿ ಅನೇಕರಿಗೆ ಇರಬಹುದು. ಆ ದಿನದಿಂದ ಪಶ್ಚಿಮದವು 1ರಿಂದ 7, ಮಧ್ಯದವು 8ರಿಂದ 14 ಎಂದಾದವು. ಹಳಿ ಅಲುಗಲಿಲ್ಲ, ಕಟ್ಟೆ ಅಲುಗಲಿಲ್ಲ. ಒಂದು ಸಂಖ್ಯೆಗೆ ಒಂದೇ ಸ್ಥಳವೆಂದು ನಿಶ್ಚಯವಾಯಿತು.

ಯೂನಿಕೋಡ್ ಮಾಡಿದ್ದೂ ಇದನ್ನೇ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಪ್ರತ್ಯೇಕ ಪಂಕ್ತಿ ದೊರಕಿತು: 3200ರಿಂದ 3327ರವರೆಗೆ 128 ಮನೆಗಳು. ಅಲ್ಲಿ 3221 ಎಂದರೆ ಕಕಾರ. ಬೆಂಗಳೂರಿನಲ್ಲಾಗಲಿ ದಾದರಿನಲ್ಲಾಗಲಿ ಲಂಡನ್ನಿನಲ್ಲಾಗಲಿ ಕಕಾರವೇ. 'ಕನ್ನಡ' ಪದ ಅಲ್ಲಿ ಕ, ನ, ವಿರಾಮಚಿಹ್ನೆಯಾದ ಹಲಂತ, ನ, ಡ ಎಂಬ ಐದು ಸಂಖ್ಯೆಗಳು. ನಾವು ಉಚ್ಚರಿಸುವ ಕ್ರಮದಲ್ಲೇ ಅದು ಉಳಿಯುತ್ತದೆ. ಆಕಾರವನ್ನು ಫಾಂಟು ನೋಡಿಕೊಳ್ಳುತ್ತದೆ. ಫಾಂಟು ಹೋದರೂ ಅಕ್ಷರ ಹೋಗದು. ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು, ಅಂಚೆಯಲ್ಲಿ ಕಳಿಸಬಹುದು.

ಹಾಗಾದರೆ 1991ರಲ್ಲೇ ಮನೆ ಸಿಕ್ಕಮೇಲೂ 2004ರಲ್ಲಿ ನಾನು ಬಾಡಿಗೆ ಮನೆಯಲ್ಲಿ ತಾಯಿಯ ಪದಗಳನ್ನೇಕೆ ಇರಿಸಿದೆ? ಇಲ್ಲಿ ತಂತ್ರಜ್ಞಾನದ ಪ್ರಶ್ನೆ ರಾಜಕಾರಣದ ಪ್ರಶ್ನೆಯಾಗುತ್ತದೆ. ಸಂಖ್ಯೆ ನಿಗದಿಯಾದೊಡನೆ ಯಂತ್ರ ಅದನ್ನು ತೋರಿಸಲಾರದು. ವಿಂಡೋಸ್ 2000ದಲ್ಲಿ ದೇವನಾಗರಿಗೂ ತಮಿಳಿಗೂ ಎಡೆ ದೊರಕಿತು. ಕನ್ನಡಕ್ಕೆ ದೊರಕಿದ್ದು ಮುಂದಿನ ಆವೃತ್ತಿಯಾದ, 2001ರ ಎಕ್ಸ್‌ಪಿಯಲ್ಲಿ, 'ತುಂಗಾ' ಎಂಬ ಫಾಂಟಿನೊಡನೆ. ವಿಂಡೋಸ್ 98 ಇದ್ದ ಮನೆಗಳಿಗೆ ಅದು ತಲುಪಲಿಲ್ಲ. ಕೇಂದ್ರ ಸರಕಾರ ಯೂನಿಕೋಡನ್ನು ಇ-ಆಡಳಿತದ ಮಾನಕವಾಗಿ ಪ್ರಕಟಿಸಿದ್ದು 2009ರಲ್ಲಿ. 1991ಕ್ಕೂ 2009ಕ್ಕೂ ನಡುವಿನ ಹದಿನೆಂಟು ವರ್ಷಗಳಲ್ಲೇ ನಮ್ಮ ಮಧ್ಯಮವರ್ಗದ ಮನೆಗಳಿಗೆ ಗಣಕ ಬಂದದ್ದು. ನಮ್ಮ ಸಂಘಗಳ ನಡವಳಿ, ಸ್ಮರಣಸಂಚಿಕೆ, ಸದಸ್ಯರ ಯಾದಿಗಳು ಗಣಕಕ್ಕೆ ಏರಿದ್ದು. ಅವೆಲ್ಲ ಬಹುಮಟ್ಟಿಗೆ ಬಾಡಿಗೆ ಮನೆಯ ಕನ್ನಡವೇ. ಭಾಷೆಯ ಹಕ್ಕೆಂದರೆ ನಾವು ಶಾಲೆ, ಫಲಕ, ನೌಕರಿಗಳನ್ನು ನೆನೆಯುತ್ತೇವೆ. ಸಂಕೇತಪಟ್ಟಿಯಲ್ಲಿ ಒಂದು ಸ್ಥಿರವಾದ ಸ್ಥಾನ, ಅದನ್ನು ಸಕಾಲದಲ್ಲಿ ಜಾರಿಗೊಳಿಸುವ ಆಡಳಿತ, ಇವೂ ಅದೇ ಹಕ್ಕಿನ ಭಾಗ. ತುಳುವ ಬಂಧುಗಳು ಇಲ್ಲಿ ಬಹಳ ಮಂದಿ ಇದ್ದೀರಿ. ತುಳು-ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರಕಿದ್ದು 2024ರ ಸೆಪ್ಟೆಂಬರಿನಲ್ಲಿ, ಅದರ 16ನೆಯ ಆವೃತ್ತಿಯಲ್ಲಿ. ಕಾಯುವುದೆಂದರೇನೆಂದು ನಿಮಗೆ ಹೇಳಬೇಕಿಲ್ಲ.

ಇದೆಲ್ಲವೂ ಯಾರೋ ದೂರದವರು ಮಾಡಿಕೊಡಬೇಕಾದ ಕೆಲಸವೆಂದು ತಿಳಿಯಬಾರದು. ಕನ್ನಡದ ಧ್ವನ್ಯನುಸಾರಿ ಕೀಲಿಮಣೆಯನ್ನು ರೂಪಿಸಿ, 'ಸೇಡಿಯಾಪು' ತಂತ್ರಾಂಶವನ್ನು ಉಚಿತವಾಗಿ ಹಂಚಿದ ಕೆ.ಪಿ. ರಾವ್ ಅವರು ಈ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. 1996ರಲ್ಲಿ 'ವಿಶ್ವಕನ್ನಡ'ವೆಂಬ ಕನ್ನಡದ ಮೊದಲ ಅಂತರಜಾಲ ತಾಣವನ್ನು ಆರಂಭಿಸಿದ ಡಾ. ಯು.ಬಿ. ಪವನಜ ಅವರು ಇಲ್ಲಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. 1998ರಲ್ಲಿ 'ಬರಹ'ವನ್ನು ಹೊರತಂದ ಶೇಷಾದ್ರಿವಾಸು ಚಂದ್ರಶೇಖರನ್ ಅವರನ್ನೂ, 'ನುಡಿ'ಯನ್ನು ಸಿದ್ಧಪಡಿಸಿದ ಕನ್ನಡ ಗಣಕ ಪರಿಷತ್ತನ್ನೂ ನೆನೆಯಲೇಬೇಕು. ಬಾಡಿಗೆ ಮನೆಯಾದರೂ ಅವರು ಒದಗಿಸಿದ್ದರಿಂದಲೇ ನಮ್ಮ ಬರಹ ಅಷ್ಟು ವರ್ಷ ಬೀದಿಗೆ ಬೀಳಲಿಲ್ಲ. ನುಡಿಯೂ ಬರಹವೂ ಅನಂತರ ಯೂನಿಕೋಡಿಗೆ ದಾರಿ ಮಾಡಿಕೊಟ್ಟವು. ಹಳೆಯ ಬರಹವನ್ನು ಹೊಸ ಸಂಕೇತಕ್ಕೆ ಪರಿವರ್ತಿಸುವ ಸಾಧನಗಳನ್ನೂ ಕೊಟ್ಟವು. ಮೊದಲು ಹೇಳಿದ, ಎರಡೂ ವಿದ್ಯುತ್ತಿನ ಮೇಲೆ ಓಡುವ ಗಾಡಿ ಎಂದರೆ ಇವೇ.

ನನ್ನ ಕಡತದ ಕಥೆ ಮುಂದುವರಿಸುತ್ತೇನೆ. 2025ರಲ್ಲಿ ಮತ್ತೆ ಯಂತ್ರ ಬದಲಿಸುವ ಮಾತು ಬಂದಾಗ ಆ ಹಳೆಯ ಸಿ.ಡಿ.ಯನ್ನು ಎಸೆಯಲು ತೆಗೆದಿರಿಸಿದ್ದೆ. ನೆರೆಮನೆಯ ಹುಡುಗಿ, ಮಂಗಳೂರು ಕಡೆಯವರ ಮಗಳು, ಇಂಜಿನಿಯರಿಂಗ್ ಓದುತ್ತಿರುವವಳು, ಕಡತ ನೋಡಿದಳು. ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಾಳೆ. "ಅಂಕಲ್, ಇದು ಕೆಟ್ಟ ಫೈಲ್ ಅಲ್ಲ. ಕೆಟ್ಟಿದ್ದರೆ ಹೀಗೆ ಕ್ರಮವಾಗಿ ಇರುವುದಿಲ್ಲ. ನೋಡಿ, ಗೆರೆ ಇರುವ ಈ 'ಎ' ಪ್ರತಿ ಒಂದು ಅಕ್ಷರ ಬಿಟ್ಟು ಬರ್ತಾ ಉಂಟು" ಎಂದಳು. ಕನ್ನಡದ ತಲೆಕಟ್ಟನ್ನು ಆಕೆ ಹೀಗೆ ಕಂಡುಹಿಡಿದಳು. ನುಡಿಯ ಹಳೆಯ ಫಾಂಟನ್ನು ಹುಡುಕಿ ಸ್ಥಾಪಿಸಿದೆವು. ಫಾಂಟು ಒಂದು ಸಣ್ಣ ಕಡತ. ವಿಂಡೋಸ್ 98ರಲ್ಲಿ ಕಂಡಂತೆ ಇಂದಿನ ಯಂತ್ರದಲ್ಲಿಯೂ ಕಾಣುತ್ತದೆ. ಕ್ಷಣಾರ್ಧದಲ್ಲಿ ಪರದೆಯ ಮೇಲೆ ತಾಯಿಯ ಪದಗಳು ಮೂಡಿದವು. ಹದಿಮೂರು ವರ್ಷ ನಾನು ಕಳೆದುಹೋಯಿತೆಂದುಕೊಂಡದ್ದು ಎದುರಿಗೇ ಇತ್ತು. ಆ ಹದಿಮೂರು ವರ್ಷಗಳಲ್ಲಿ ಮೊದಲ ಐದು ವರ್ಷ ಆಕೆಯೂ ಇದ್ದಳು.

ಅನಂತರ ಅವನ್ನು ಯೂನಿಕೋಡಿಗೆ ಪರಿವರ್ತಿಸಿದೆವು. ಈ ಹಂತದಲ್ಲಿ ಎಚ್ಚರ ಬೇಕು. ಹಳೆಯ ವಿನ್ಯಾಸದಲ್ಲಿ ಅರ್ಕಾವೊತ್ತು ಅಕ್ಷರದ ಅನಂತರ ಬರುತ್ತದೆ. 'ಸೂರ್ಯ' ಎಂಬಲ್ಲಿ ಯಕಾರ ಮೊದಲು, ರೇಫ ಆಮೇಲೆ. ಹೊಸದರಲ್ಲಿ ಉಚ್ಚಾರಣೆಯ ಕ್ರಮ, ರೇಫ ಮೊದಲು. ಪರಿವರ್ತಕ ಇದನ್ನು ತಿರುಗಿಸಿ ಇರಿಸಬೇಕು, ಕೆಲವೊಮ್ಮೆ ತಪ್ಪುತ್ತದೆ. ಕಡತದ ನಡುವೆ ನಿಜವಾದ ಇಂಗ್ಲಿಷ್ ಪದವಿದ್ದರೆ ಅದನ್ನೂ ಕನ್ನಡವೆಂದು ಬಗೆದು ಅರ್ಥಹೀನವಾಗಿಸುತ್ತದೆ. ಆದ್ದರಿಂದ ಪರಿವರ್ತನೆಯಾದ ಮೇಲೆ ಮೂಲವನ್ನು ಅಳಿಸಬಾರದು. ಎರಡನ್ನೂ ಎದುರುಬದುರು ಇರಿಸಿಕೊಂಡು ಒಬ್ಬರು ಓದಿ ಒಬ್ಬರು ತಿದ್ದಬೇಕು.

122 ಪದಗಳು ಹೀಗೆ ಮರಳಿದವು. ಮುದ್ರಕರಲ್ಲಿ ಮಾಡಿಸಿದ 21 ಮರಳಲಿಲ್ಲ. ಅವು ಪುಟವಿನ್ಯಾಸದ ಒಂದು ಹಳೆಯ ತಂತ್ರಾಂಶದ ಕಡತದಲ್ಲಿದ್ದವು. ಆ ಅಕ್ಷರಗಳು ಪ್ರಿಂಟರಿನ ರಂಧ್ರಕ್ಕೆ ಸಿಕ್ಕಿಸುವ ಒಂದು ಬೀಗದ ತುಂಡಿದ್ದರೆ ಮಾತ್ರ ಕಾಣುವಂಥವು. ಅಂಥ ರಂಧ್ರ ನನ್ನ ಈಗಿನ ಯಂತ್ರದಲ್ಲಿಲ್ಲ; ಆ ಮುದ್ರಣಾಲಯವೂ ಇಲ್ಲ, ಬೀಗವೂ ಇಲ್ಲ. ಯಂತ್ರಾಂಶ, ತಂತ್ರಾಂಶ, ಅಕ್ಷರ ಮೂರೂ ಒಟ್ಟಿಗೆ ಕೈಬಿಟ್ಟರೆ ಏನಾಗುತ್ತದೆಂಬುದಕ್ಕೆ ಆ 21 ಪದಗಳು ಸಾಕ್ಷಿ.

ಈ ಅನುಭವದಿಂದ ನಾನು ಕಲಿತ ಕ್ರಮವನ್ನು ನಿಮ್ಮ ಮುಂದಿಡುತ್ತೇನೆ. ಯಂತ್ರ ಬದಲಿಸುವ ಮೊದಲು, ಹಳೆಯದು ಇನ್ನೂ ಉಸಿರಾಡುತ್ತಿರುವಾಗಲೇ, ಅದರಲ್ಲಿ ಕನ್ನಡದ ಕಡತಗಳಾವುವೆಂದು ಯಾದಿ ಮಾಡಿರಿ; ಪ್ರತಿಯೊಂದೂ ಯಾವ ಫಾಂಟಿನಲ್ಲಿದೆಯೆಂದು ಎದುರಿಗೆ ಬರೆಯಿರಿ. ಕಡತಗಳೊಡನೆ ವಿಂಡೋಸಿನ ಫಾಂಟ್ಸ್ ಎಂಬ ಕೋಶವನ್ನೂ ನಕಲು ಮಾಡಿಕೊಳ್ಳಿರಿ. ಮುಖ್ಯವಾದವನ್ನು ಅಲ್ಲಿಂದಲೇ ಕಾಗದದ ಮೇಲೆ ಮುದ್ರಿಸಿರಿ. ಸಾಧ್ಯವಾದರೆ ಫಾಂಟು ಒಳಗೊಂಡ ಪಿಡಿಎಫ್ ಮಾಡಿರಿ. ಅನಂತರ ಯೂನಿಕೋಡಿಗೆ ಪರಿವರ್ತಿಸಿ, ತಿದ್ದಿ, ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇರಿಸಿರಿ. ಒಂದು ಪ್ರತಿ ನೆಲಮಾಳಿಗೆಯಲ್ಲಿ ಬೇಡವೆಂದು ಹಿಂದ್‌ಮಾತಾದವನಾಗಿ ಹೇಳುತ್ತೇನೆ. ಇಷ್ಟಾದ ಮೇಲೆ ಪೆಟ್ಟಿಗೆಯನ್ನು ಅಂಗಡಿಗೆ ಒಯ್ಯಿರಿ. ನಾನು ಈ ಕ್ರಮವನ್ನು ತಲೆಕೆಳಗು ಮಾಡಿದೆ.

ಸಂಘಕ್ಕೆ ನನ್ನದೊಂದು ಸೂಚನೆಯಿದೆ. ಬೆಂಗಳೂರಿನಲ್ಲಿ ರಿಪೇರಿಯವನಿಗೂ ಕನ್ನಡ ಫಾಂಟಿನ ಪರಿಚಯವಿರುವ ಸಂಭವವುಂಟು. ಹೊರನಾಡಿನಲ್ಲಿ ಆ ಆಸರೆ ಇಲ್ಲ. ಒಂದು ಹಳೆಯ ಎಕ್ಸ್‌ಪಿ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸದೆ ಇಲ್ಲಿಯೇ ಇರಿಸೋಣ. ಫ್ಲಾಪಿ ಓದುವ ಸಾಧನ, ಐಡಿಇ ಡಿಸ್ಕಿನ ಅಡಾಪ್ಟರು, ಹಳೆಯ ಫಾಂಟುಗಳ ಒಂದು ಸಂಗ್ರಹ ಅದರೊಡನೆ ಇರಲಿ. ತಿಂಗಳಿಗೊಂದು ಭಾನುವಾರ ಸದಸ್ಯರು ತಮ್ಮ ಡಿಸ್ಕು, ಸಿ.ಡಿ.ಗಳನ್ನು ತರಲಿ. ನಮ್ಮ ಮಕ್ಕಳಿಗೆ ಯಂತ್ರ ಗೊತ್ತು, ಕನ್ನಡ ಅಷ್ಟಕ್ಕಷ್ಟೆ. ನಮಗೆ ಕನ್ನಡ ಗೊತ್ತು, ಯಂತ್ರ ಅಷ್ಟಕ್ಕಷ್ಟೆ. ಒಂದೇ ಮೇಜಿನ ಮುಂದೆ ಇಬ್ಬರೂ ಕುಳಿತರೆ ಕಡತವೂ ತೆರೆಯುತ್ತದೆ, ಮಕ್ಕಳ ಓದೂ ಸಾಗುತ್ತದೆ. ಮೊದಲಿಗೆ ನಮ್ಮ ತ್ರೈಮಾಸಿಕದ ಹಳೆಯ ಸಂಚಿಕೆಗಳ ಕಡತಗಳನ್ನೇ ಎತ್ತಿಕೊಳ್ಳಬಹುದು. ಎರಡನೆಯ ಭಾನುವಾರಗಳಂದು ಬರಲು ನಾನು ಸಿದ್ಧನಿದ್ದೇನೆ.

ಕೊನೆಯದಾಗಿ ಒಂದು ಮಾತು. ತಾಯಿಯ ಪದಗಳನ್ನು ತಿದ್ದುತ್ತಿದ್ದಾಗ ಎಲ್ಲಮ್ಮನ ಮೇಲಿನ ಒಂದು ಪದದಲ್ಲಿ 'ಹಡಲಗಿ' ಎಂದಿತ್ತು; ಇನ್ನೊಂದರಲ್ಲಿ 'ಪಡಲಗಿ' ಎಂದಿತ್ತು. ಎರಡೂ ದೇವಿಯ ಬುಟ್ಟಿಯ ಹೆಸರೇ. ಪಕಾರ ಹಕಾರವಾಗುವುದನ್ನು ನಾನು ಎಂ.ಎ. ತರಗತಿಯಲ್ಲಿ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ. ಆದರೆ ನನ್ನ ತಾಯಿ ಎರಡನ್ನೂ ಹಾಡುತ್ತಿದ್ದಳೋ, ನಾನೇ ಬೆರಳಚ್ಚಿನಲ್ಲಿ ತಪ್ಪಿದೆನೋ, ಪರಿವರ್ತಕ ಎಡವಿತೋ ಎಂಬ ಪ್ರಶ್ನೆ ಎದ್ದಿತು. ಹಳೆಯ ಕಡತದೊಡನೆ ಹೋಲಿಸಿ ಪರಿವರ್ತಕದ ತಪ್ಪಲ್ಲವೆಂದು ತಿಳಿದುಕೊಂಡೆ. ಉಳಿದ ಎರಡರಲ್ಲಿ ಯಾವುದೆಂದು ಹೇಳಬಲ್ಲವಳು ಇಲ್ಲ. "ಮತ್ತೊಮ್ಮೆ ಬರಕೋ" ಎಂದು ಆಕೆ ಅಂದ ದಿನ ಕುಳಿತುಕೊಂಡಿದ್ದರೆ ಕೇಳಬಹುದಿತ್ತು. ಎರಡನ್ನೂ ಇದ್ದಂತೆಯೇ ಬಿಟ್ಟಿದ್ದೇನೆ.

ನಿಮ್ಮಲ್ಲಿ ಯಾರ ಮನೆಯ ಹಿರಿಯರು ಇನ್ನೂ ಕೇಳಿದರೆ ಹೇಳುವಂತಿದ್ದಾರೋ ಅವರು ಈ ವಾರವೇ ಹಳೆಯ ಕಡತವನ್ನು ತೆರೆದು ನೋಡಿರೆಂದು ಪ್ರಾರ್ಥಿಸುತ್ತೇನೆ.